ಸ್ಕ್ರಮ್ ಬಿಟ್ಟು ಎಫ್‌ಡಿಡಿಗೆ ಹೋಗೋಣ ಅಂತಿದಾರೆ, ಯಾರಾದ್ರೂ ನಿಜವಾಗ್ಲೂ ಮಾಡಿದೀರಾ?

ತೊಂಬತ್ತು_ಪರ್ಸೆಂಟ್ ಕೇಳಿದ್ದು:

ನಮ್ದು 16 ಜನರ ಟೀಮು, ಇನ್ಶೂರೆನ್ಸ್ ಕ್ಲೇಮ್ ನೋಡ್ಕೊಳ್ಳೋ ಸಾಫ್ಟ್‌ವೇರು, ಎರಡು ವರ್ಷದಿಂದ ಸ್ಕ್ರಮ್ (ಚಿಕ್ಕ ಚಿಕ್ಕ ಅವಧಿಲಿ ಕೆಲ್ಸ ಮುಗಿಸ್ತಾ ಹೋಗೋ ಪದ್ಧತಿ) ಅಂತ ಹೆಸರಿಟ್ಕೊಂಡು ಏನೋ ಮಾಡ್ತಿದೀವಿ. ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಲ್ಲಿ ಕೇಳಿದ್ರೆ ಎಲ್ಲಾರ್ದೂ "ತೊಂಬತ್ತು ಪರ್ಸೆಂಟ್ ಆಗಿದೆ", ಮುಂದಿನ ವಾರ ಕೇಳಿದ್ರೂ ಅದೇ ತೊಂಬತ್ತು, ಕ್ಲೈಂಟ್‌ಗೆ ತೋರ್ಸೋಕೆ ಮಾತ್ರ ಏನೂ ಇರಲ್ಲ. ಈಗ ಮ್ಯಾನೇಜರ್ ಎಲ್ಲೋ ಓದ್ಕೊಂಡು ಬಂದು ಫೀಚರ್ ಡ್ರಿವನ್ ಡೆವಲಪ್‌ಮೆಂಟ್ (ಎಫ್‌ಡಿಡಿ, ಕ್ಲೈಂಟ್‌ಗೆ ಬೇಕಾದ ಚಿಕ್ಕ ಚಿಕ್ಕ ಫೀಚರ್ ಹಿಡಿದು ಸಾಫ್ಟ್‌ವೇರ್ ಕಟ್ಟೋ ಪದ್ಧತಿ) ಮಾಡೋಣ ಅಂತ ಕೂತಿದಾರೆ. ಒಂದೊಂದು ಕ್ಲಾಸಿಗೆ (ಕೋಡಿನ ಒಂದೊಂದು ಘಟಕಕ್ಕೆ) ಒಬ್ಬೊಬ್ಬ ಓನರ್ ಅಂತೆ, ಅವನು ಬಿಟ್ರೆ ಬೇರೆಯವ್ರು ಆ ಕೋಡ್ ಮುಟ್ಟೋ ಹಾಗಿಲ್ವಂತೆ. ಇದು ಹಿಂದಕ್ಕೆ ಹೋದ ಹಾಗಲ್ವಾ? ಅನುಭವ ಇದ್ದೋರು ಹೇಳಿ.

ಹಳೇ_ಕಂಪೈಲರ್:

ನಿಮ್ಮ ತೊಂಬತ್ತರ ರೋಗಕ್ಕೆ ಇದ್ರಲ್ಲಿ ಔಷಧಿ ಇದೆ, ಮೊದ್ಲು ಅದನ್ನೇ ಹೇಳ್ತೀನಿ. ಎಫ್‌ಡಿಡಿಲಿ ಪ್ರತಿ ಫೀಚರಿಗೂ ಆರು ಮೈಲಿಗಲ್ಲು, ಒಂದೊಂದಕ್ಕೂ ಇಷ್ಟು ಪರ್ಸೆಂಟ್ ಅಂತ: ಡೊಮೇನ್ ವಾಕ್‌ಥ್ರೂಗೆ (ವಿಷಯ ಗೊತ್ತಿರೋರು ವಿವರಿಸೋದು) 1, ಡಿಸೈನ್‌ಗೆ 40, ಡಿಸೈನ್ ಇನ್‌ಸ್ಪೆಕ್ಷನ್‌ಗೆ (ಬೇರೆಯವ್ರು ಕೂತು ಪರಿಶೀಲಿಸೋದು) 3, ಕೋಡಿಗೆ 45, ಕೋಡ್ ಇನ್‌ಸ್ಪೆಕ್ಷನ್‌ಗೆ 10, ಬಿಲ್ಡಿಗೆ (ಎಲ್ಲಾರ ಕೋಡೂ ಸೇರಿದ ಸಾಫ್ಟ್‌ವೇರಿಗೆ) ಸೇರ್ಸಿದ್ರೆ 1. ಮೈಲಿಗಲ್ಲು ಪೂರ್ತಿ ಮುಗಿದ್ರೆ ಮಾತ್ರ ಮಾರ್ಕ್ಸು, ಅರ್ಧಂಬರ್ಧಕ್ಕೆ ಸೊನ್ನೆ. ಅಂದ್ರೆ ಕೋಡ್ ಬರೀತಾ ಕೂತಿರೋನು ಎಷ್ಟೇ ಬರೆದಿರ್ಲಿ 44ರಲ್ಲೇ ಇರ್ತಾನೆ, ಮುಗಿಸಿದ ದಿನ ಸೀದಾ 89, ಇನ್‌ಸ್ಪೆಕ್ಷನ್ ಆದ್ಮೇಲೆ 99. ತೊಂಬತ್ತು ಅಂತ ಹೇಳೋಕೆ ಜಾಗಾನೇ ಇಲ್ಲ ನೋಡಿ 😀

ಹುಟ್ಟಿದ್ದು 1997ರಲ್ಲಿ, ಸಿಂಗಪುರದ ಒಂದು ಬ್ಯಾಂಕಿನ ಪ್ರಾಜೆಕ್ಟಲ್ಲಿ. ಜೆಫ್ ಡಿ ಲೂಕಾ ಅನ್ನೋರು ಸುಮಾರು 50 ಜನರನ್ನ ಇಟ್ಕೊಂಡು ಮಾಡಿದ್ದು, ಪೀಟರ್ ಕೋಡ್ ಅನ್ನೋರು ಮಾಡೆಲಿಂಗ್‌ಗೆ (ವ್ಯವಹಾರದಲ್ಲಿ ಏನೇನಿದೆ, ಒಂದಕ್ಕೊಂದು ಏನು ಸಂಬಂಧ ಅಂತ ಚಿತ್ರ ಬರೆಯೋದು) ಸೇರ್ಕೊಂಡ್ರು. ಹಾಗಾಗಿ ಇದ್ರ ಸ್ವಭಾವಾನೇ ಸ್ವಲ್ಪ ದೊಡ್ಡ ಟೀಮಿಂದು, ಐದು ಜನ ಇದ್ರೆ ಬೇಡ ಅಂತಿದ್ದೆ, 16 ಜನಕ್ಕೆ ನಡೆಯತ್ತೆ.

ಮುಖ್ಯ ವಿಷಯ ಫೀಚರ್‌ಗೆ ಹೆಸರಿಡೋದು. "ಪೇಮೆಂಟ್ ಮಾಡ್ಯೂಲ್" ಅಂತ ಬರೆದ್ರೆ ಅದು ಫೀಚರ್ ಅಲ್ಲ, ಗೋಣಿಚೀಲ. ಏನು ಮಾಡ್ಬೇಕು, ಏನು ಸಿಗುತ್ತೆ, ಯಾವುದರದ್ದು, ಈ ಮೂರೂ ಹೆಸರಲ್ಲೇ ಇರ್ಬೇಕು. ಇಂಗ್ಲಿಷಲ್ಲಿ ಕ್ರಿಯಾಪದ ಮೊದ್ಲು ಬರುತ್ತೆ, ನಮ್ಮಲ್ಲಿ ತಿರುಗಿಸ್ಕೊಂಡ್ರಾಯ್ತು: "ಕ್ಲೇಮಿನ ಪಾವತಿ ಮೊತ್ತ ಲೆಕ್ಕ ಹಾಕು", "ಪಾಲಿಸಿಯ ಅವಧಿ ಪರಿಶೀಲಿಸು". ಎರಡು ವಾರಕ್ಕಿಂತ ಜಾಸ್ತಿ ಹಿಡಿಯತ್ತೆ ಅನ್ಸಿದ್ರೆ ಒಡೀರಿ.

ಮರ್ಜ್_ಸಂಕಟ:

ಕ್ಲಾಸ್ ಓನರ್‌ಶಿಪ್ ಬಗ್ಗೆ ನಾನು ಹೇಳ್ತೀನಿ, ಪೆಟ್ಟು ತಿಂದಿರೋದು ಅಲ್ಲೇ. ಹಿಂದಿನ ಕೆಲ್ಸದಲ್ಲಿ ಒಂದು ಕ್ಲಾಸ್ ಇತ್ತು, ಯಾವ ಫೀಚರ್ ತಗೊಂಡ್ರೂ ಅದನ್ನ ಮುಟ್ಟದೆ ಗತಿ ಇಲ್ಲ, ಅದ್ರ ಓನರ್ ಮೂರು ವಾರ ರಜೆ ಹಾಕಿದ, ಏಳು ಫೀಚರ್ 44ರಲ್ಲೇ ಒಣಗ್ತಾ ಕೂತ್ವು. ಮೊದ್ಲು ಅವನ ಮೇಲೆ ಸಿಟ್ಟು ಬಂತು, ಆಮೇಲೆ ನೋಡಿದ್ರೆ ತಪ್ಪು ಆ ಕ್ಲಾಸ್‌ದು, ಊರಿನ ಕೆಲ್ಸ ಎಲ್ಲಾ ತಲೆ ಮೇಲೆ ಹೊತ್ಕೊಂಡಿತ್ತು. ಒಡೆದು ನಾಲ್ಕು ಮಾಡಿದ್ವಿ, ಪ್ರತಿ ಓನರ್‌ಗೂ ಒಬ್ಬ ಬದಲಿ ಅಂತ ಇಟ್ವಿ. ಪುಸ್ತಕದ ಪ್ರಕಾರ ಬದಲಿ ಪದ್ಧತಿ ಇಲ್ಲ ಅಂತ ಒಬ್ರು ಜಗಳಕ್ಕೆ ಬಂದ್ರು, ಬರ್ಲಿ ಬಿಡಿ.

ಆದ್ರೆ ಲಾಭಾನೂ ಇದೆ. ಚೀಫ್ ಪ್ರೋಗ್ರಾಮರ್ (ಅನುಭವ ಇರೋ ಮುಖ್ಯ ಡೆವಲಪರ್) ಒಂದು ಫೀಚರ್ ಎತ್ಕೊಂಡ್ರೆ ಅದಕ್ಕೆ ಬೇಕಾದ ಕ್ಲಾಸ್‌ಗಳ ಓನರ್‌ಗಳನ್ನೆಲ್ಲಾ ಕೂರಿಸ್ಕೊಂಡು ಟೀಮ್ ಕಟ್ತಾರೆ, ಫೀಚರ್ ಮುಗೀತು ಟೀಮ್ ಚದುರ್ತು. ಒಬ್ನೇ ಮನುಷ್ಯ ಒಂದೇ ಸಮಯಕ್ಕೆ ಎರಡು ಟೀಮಲ್ಲಿ ಇರಬಹುದು. "ಈ ಕೋಡ್ ಯಾರು ಬರೆದಿದ್ದು ಮಾರಾಯ" ಅನ್ನೋ ಪ್ರಶ್ನೆ ಮಾತ್ರ ಏಳೋದೇ ಇಲ್ಲ.

ಸುಮ್ನೆ_ನೋಡ್ತಿದ್ದೆ:

ನಂಗೆ ಅಷ್ಟು ನಂಬಿಕೆ ಇಲ್ಲ. ಎಫ್‌ಡಿಡಿಲಿ ಐದು ಹಂತ ಇದೆ: ಒಟ್ಟಾರೆ ಮಾಡೆಲ್ ಕಟ್ಟೋದು, ಫೀಚರ್ ಪಟ್ಟಿ ಮಾಡೋದು, ಪ್ಲಾನ್ ಮಾಡೋದು, ಆಮೇಲೆ ಫೀಚರ್ ಫೀಚರ್‌ಗೂ ಡಿಸೈನು, ಬಿಲ್ಡು. ನಾನು ನೋಡಿದ ಎರಡು ಕಡೆನೂ ಮೊದಲನೇದನ್ನ ಹಾರಿಸಿ ಸೀದಾ ಪಟ್ಟಿಗೆ ಹೋದ್ರು. ಕ್ಲೇಮ್ ಬಗ್ಗೆ ಗೊತ್ತಿರೋ ಮನುಷ್ಯನನ್ನ ಡೆವಲಪರ್‌ಗಳ ಜೊತೆ ಕೂರಿಸಿ ಬೋರ್ಡ್ ಮೇಲೆ ಮಾಡೆಲ್ ಬರೀದೇ ಇದ್ರೆ ನಿಮ್ಮ ಪಟ್ಟಿ ಅಂದ್ರೆ ಹಳೇ ಟಿಕೆಟ್ಟಿಗೇ ಹೊಸ ಹೆಸರು, ಅಷ್ಟೇ. ಮ್ಯಾನೇಜರ್ ಆ ಮನುಷ್ಯನನ್ನ ಕ್ಲೈಂಟ್ ಕಡೆಯಿಂದ ಕರೆಸ್ತಾರಾ, ಮೊದ್ಲು ಅದನ್ನ ಕೇಳಿ.

ತೊಂಬತ್ತು_ಪರ್ಸೆಂಟ್:

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸುಮ್ನೆ ಕೂತು ನಮ್ಮ ಬ್ಯಾಕ್‌ಲಾಗ್‌ನ (ಬಾಕಿ ಕೆಲ್ಸದ ಪಟ್ಟಿಯ) 40 ಟಿಕೆಟ್ಟಿಗೆ ಆ ಥರ ಹೆಸರಿಡೋಕೆ ಪ್ರಯತ್ನ ಪಟ್ಟೆ, 23ಕ್ಕೆ ಆಯ್ತು, ಉಳಿದ 17 "ಎಪಿಐ ಕ್ಲೀನಪ್", "ಟೇಬಲ್ ಮೈಗ್ರೇಷನ್" ಥರದ್ದು, ಬರೀ ಒಳಗಿನ ತಾಂತ್ರಿಕ ಕೆಲ್ಸ, ಎಷ್ಟು ತಿಣುಕಿದ್ರೂ ಕ್ಲೈಂಟ್‌ಗೆ ಏನು ಸಿಗುತ್ತೆ ಅಂತ ಬರೆಯೋಕೆ ಆಗ್ಲಿಲ್ಲ. ಇವನ್ನ ಏನ್ ಮಾಡೋದು? ಕ್ಲೈಂಟ್ ಕಡೆಯವರನ್ನ ಕೇಳಿದ್ದಕ್ಕೆ ವಾರಕ್ಕೆ ಒಂದು ಗಂಟೆ ಕೊಡ್ತಾರಂತೆ.

ಹಳೇ_ಕಂಪೈಲರ್:

ಆ 17ರಲ್ಲಿ ಯಾವುದಾದ್ರೂ ಫೀಚರಿಗೆ ಬೇಕಾಗಿರೋದನ್ನ ಆ ಫೀಚರ್ ಒಳಗೇ ಸೇರ್ಸಿ, ಮೈಗ್ರೇಷನ್ ಬಹುಶಃ ಹಾಗೇ ಹೋಗುತ್ತೆ. ಯಾವುದಕ್ಕೂ ಬೇಡದಿರೋದನ್ನ ಬೇರೆ ಪಟ್ಟಿಲಿ ಇಡಿ, ಪರ್ಸೆಂಟ್ ಲೆಕ್ಕಕ್ಕೆ ತರ್ಬೇಡಿ. ವಾರಕ್ಕೆ ಒಂದು ಗಂಟೇಲಿ ಮಾಡೆಲ್ ಆಗಲ್ಲ, ಶುರುವಿನಲ್ಲಿ ಎರಡು ದಿನ ಒಟ್ಟಿಗೇ ಕೇಳಿ.