ಸಹಾಯ ಬೇಕು: ಬಗ್ ಸರಿಪಡಿಸುವ ವಾರಾಂತ್ಯ ಕೂಟದಲ್ಲಿ ಕೋಡ್ ಪರಿಶೀಲನೆ ಸಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ, ಸ್ನೇಹಿತರೊಬ್ಬರ ಮನೆಯ ಮಹಡಿಯ ಮೇಲೆ, ನಾವು ಹತ್ತು ಹನ್ನೆರಡು ಮಂದಿ ಐದು ತಿಂಗಳಿಂದ ಪ್ರತಿ ಎರಡನೇ ಶನಿವಾರ ಮತ್ತು ಮರುದಿನ ಸೇರಿ ಮುಕ್ತ ತಂತ್ರಾಂಶಗಳ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ತಂತ್ರಾಂಶಗಳ) ಬಗ್‌ಗಳನ್ನು, ಅಂದರೆ ದೋಷಗಳನ್ನು, ಸರಿಪಡಿಸುತ್ತಿದ್ದೇವೆ. ಬಿಡುಗಡೆಗೆ ಅಡ್ಡಿಯಾಗುವ ಬಗ್‌ಗಳನ್ನು ಮುಂದಿಟ್ಟುಕೊಂಡು ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಬಳಗದವರು ನಡೆಸುವ ‘ಬಗ್ ಸ್ಕ್ವಾಷಿಂಗ್ ಪಾರ್ಟಿ’ಗಳೇ ನಮಗೆ ಮಾದರಿ.

ತೊಂದರೆ ಇರುವುದು ಕೋಡ್ ಬರೆಯುವುದರಲ್ಲಿ ಅಲ್ಲ, ಪರಿಶೀಲನೆಯಲ್ಲಿ. ಭಾನುವಾರ ಸಂಜೆ ಕಳುಹಿಸಿದ ಪುಲ್ ರಿಕ್ವೆಸ್ಟ್‌ಗೆ (ನಮ್ಮ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಗೆ) ಆ ಪ್ರಾಜೆಕ್ಟಿನ ನಿರ್ವಾಹಕರ ಉತ್ತರ ಬರುವ ಹೊತ್ತಿಗೆ ಮೂರು ವಾರ ಕಳೆದಿರುತ್ತದೆ; ಅವರು ಕೇಳಿದ ತಿದ್ದುಪಡಿ ಮಾಡಬೇಕಾದ ವಿದ್ಯಾರ್ಥಿ ಅಷ್ಟರಲ್ಲಿ ಇಂಟರ್ನಲ್ಸ್‌ನಲ್ಲಿ ಮುಳುಗಿರುತ್ತಾನೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ. (ನಿರ್ವಾಹಕರೂ ಬಹುಪಾಲು ಸ್ವಯಂಸೇವಕರೇ ಆದ್ದರಿಂದ ಅವರನ್ನು ದೂರುವಂತಿಲ್ಲ.) ‘ಗುಡ್ ಫಸ್ಟ್ ಇಶ್ಯೂ’ (ಹೊಸಬರಿಗೆ ತಕ್ಕ ಸುಲಭ ಕೆಲಸ) ಎಂದು ಗುರುತಿಸಿದವುಗಳನ್ನಷ್ಟೇ ಆರಿಸಿಕೊಂಡು ನೋಡಿದೆವು; ನಾವು ಶನಿವಾರ ಕೂರುವಷ್ಟರಲ್ಲಿ ಬೇರೆಯವರು ಹಿಡಿದಾಗಿರುತ್ತದೆ. ಭಾನುವಾರವಿಡೀ ಒಬ್ಬರ ಕೋಡನ್ನು ಇನ್ನೊಬ್ಬರು ಪರಿಶೀಲಿಸಿದಾಗ ಬಿಟ್ಟುಹೋದ ಟೆಸ್ಟ್‌ಗಳೇನೋ ಸಿಕ್ಕವು, ಆದರೆ ಆ ಪ್ರಾಜೆಕ್ಟಿನ ಒಳಮರ್ಮ ನಮ್ಮಲ್ಲಿ ಯಾರಿಗೂ ತಿಳಿಯದು, ಕೋಡನ್ನು ಪ್ರಾಜೆಕ್ಟಿಗೆ ವಿಲೀನಗೊಳಿಸುವ ಅಧಿಕಾರವಂತೂ ಇಲ್ಲವೇ ಇಲ್ಲ.

ಇಂಥ ಕೂಟ ನಡೆಸಿ ಅನುಭವವಿರುವವರು ದಯವಿಟ್ಟು ತಿಳಿಸಿ: ಒಂದೇ ಪ್ರಾಜೆಕ್ಟನ್ನು ಹಿಡಿದು, ಅದರ ನಿರ್ವಾಹಕರಲ್ಲಿ ಒಬ್ಬರಾದರೂ ಆ ಎರಡು ದಿನ ಆನ್‌ಲೈನ್‌ನಲ್ಲಿ ಸಿಗುವಂತೆ ಮೊದಲೇ ಒಪ್ಪಿಸುವುದು ಸಾಧ್ಯವೇ, ಸಾಧ್ಯವಿದ್ದರೆ ಎಷ್ಟು ವಾರ ಮುಂಚೆ ಅವರಿಗೆ ಬರೆಯಬೇಕು?