ಸಮಸ್ಯೆ: ಅಪ್ಪಿದಳನ್ಯನ ನಿಜೇಶನಿದಿರೊಳ್ ನಗುತುಂ

ಚೋದಕ: ಈ ವಾರದ ಸಮಸ್ಯೆ ಕಂದಪದ್ಯದ ಕೊನೆಯ ಸಾಲು: ‘ತನ್ನ ಗಂಡನೆದುರೇ ನಗುತ್ತ ಬೇರೊಬ್ಬನನ್ನು ಅಪ್ಪಿದಳು’ ಎಂದು. ಮೊದಲ ಮೂರು ಸಾಲು ಕಟ್ಟಿ ಇದನ್ನು ಬಿಡಿಸಿ. ಸತಿಯ ನಗುವೂ ಉಳಿಯಬೇಕು, ಪತಿಯ ಮಾನವೂ ಉಳಿಯಬೇಕು.

ತೋಟಿಗ:
ಟೊಪ್ಪಿಯ ಗುತ್ತಿಗೆದಾರಂ
ಸೊಪ್ಪಿನ ಬೆಟ್ಟದ ಮರಕ್ಕೆ ಕೊಡಲಿಯನೆತ್ತಲ್
ದಪ್ಪನ ಹಲಸೆಂಬಾತನ-
ನಪ್ಪಿದಳನ್ಯನ ನಿಜೇಶನಿದಿರೊಳ್ ನಗುತುಂ
ಗಂಡ ಪಕ್ಕದ ಮರವನ್ನು ಅಪ್ಪಿ ನಿಂತಿದ್ದಾನೆ ಎಂದಿಟ್ಟುಕೊಳ್ಳಿ.

ಗಮಕಪ್ರಿಯ: ರಾಯರೇ, ಗುತ್ತಿಗೆದಾರನ ತಲೆಗೆ ಟೊಪ್ಪಿಯೇಕೆ? ಪ್ರಾಸಕ್ಕಾಗಿ ಓದುಗರಿಗೇ ಟೊಪ್ಪಿ ಹಾಕಿದಿರಿ.

ತೋಟಿಗ: ಹೋದ ಸಲ ಇದೇ ಪ್ರಾಸಕ್ಕೆ ದುಷ್ಯಂತನ ಕೈಗೆ ಚಿಪ್ಪು ಕೊಟ್ಟವರು ತಾವು.

ಶಿರಸಿಯವ: ಟೊಪ್ಪಿ ಇರಲಿ. 1983ರ ಸೆಪ್ಟೆಂಬರಿನಲ್ಲಿ, ಮರ ಕಡಿಯದಂತೆ ತಡೆದ ಅಪ್ಪಿಕೋ ಚಳವಳಿಯಲ್ಲಿ, ನಮ್ಮ ಶಿರಸಿ ಕಡೆಯ ಸಾಲ್ಕಣಿಯವರು ಅಪ್ಪಿದ್ದು ಸರ್ಕಾರಿ ಕಾಡಿನ ಮರಗಳನ್ನು. ಸೊಪ್ಪಿನ ಬೆಟ್ಟವೆಂದರೆ ಅಡಿಕೆ ತೋಟದವರಿಗೆ ಸೊಪ್ಪಿನ ಹಕ್ಕಿರುವ ನೆಲ. ಅಲ್ಲಿಗೆ ಗುತ್ತಿಗೆದಾರ ಹೇಗೆ ಬಂದ?

ತೋಟಿಗ: ಪ್ರಾಸದ ದಾರಿಯಲ್ಲಿ ಬಂದ.

ಪದಮಲ್ಲಿಗೆ:
ಚಪ್ಪರದೊಳಗಳುತಿರ್ದುದು
ತಪ್ಪಿಸಿಕೊಂಡೊಂದು ಕೂಸು ತೇರಿನ ಗುಂಪೊಳ್
ಬೆಪ್ಪಾಗಿರ್ದಾ ಬಾಲನ-
ನಪ್ಪಿದಳನ್ಯನ ನಿಜೇಶನಿದಿರೊಳ್ ನಗುತುಂ

ಚೋದಕ: ಸೊಗಸು.

ಗಮಕಪ್ರಿಯ: ಸೊಗಸೇನೋ ಹೌದು. ಆದರೆ ‘ಅನ್ಯನ’ ಎಂಬುದು ಷಷ್ಠಿಯೋ (ಬೇರೊಬ್ಬನ), ದ್ವಿತೀಯೆಯೋ (ಬೇರೊಬ್ಬನನ್ನು)? ‘ಅನ್ಯನ ಬಾಲನಂ’ ಎಂದಾದರೆ ನಡುವೆ ಕ್ರಿಯಾಪದ ಕಾಲು ಚಾಚಿ ಕುಳಿತಿದೆ. ಕೂಡಬೇಕಾದ ಪದಗಳು ದೂರವಾದ ದೂರಾನ್ವಯ.

ಪದಮಲ್ಲಿಗೆ: ಒಂದು ಪದ ದಾಟುವುದೂ ತಮಗೆ ದೂರವೇ? ಹಾಗಾದರೆ ದ್ವಿತೀಯೆಯೆಂದೇ ಓದಿಕೊಳ್ಳಿ. ‘ಅನ್ಯನಂ’ ಎಂದಿರಬೇಕಿತ್ತು ಎಂಬ ದೂರನ್ನು ಸಮಸ್ಯೆ ಕೊಟ್ಟವರಿಗೆ ಸಲ್ಲಿಸಿ.

ಚೋದಕ: ಒಂದು ವಿಭಕ್ತಿಯ ಜಾಗದಲ್ಲಿ ಇನ್ನೊಂದು ಬರುವ ವಿಭಕ್ತಿಪಲ್ಲಟವನ್ನು ವ್ಯಾಕರಣಕಾರ ಕೇಶಿರಾಜನೇ ಹೇಳಿದ್ದಾನೆ.

ಗಮಕಪ್ರಿಯ: ಸಿಕ್ಕಿಬಿದ್ದವರೆಲ್ಲ ಓಡಿಹೋಗಿ ಕೇಶಿರಾಜನನ್ನು ಅಪ್ಪಿಕೊಳ್ಳುತ್ತಾರೆ.

ಶಿರಸಿಯವ: ನನ್ನ ತಕರಾರು ಬೇರೆ. ಮಗುವನ್ನು ತಬ್ಬುತ್ತೇವೆ, ಮರವನ್ನು, ಮತವನ್ನು, ಮರಣವನ್ನು ಅಪ್ಪುತ್ತೇವೆ. ಯೋಧ ವೀರಮರಣವನ್ನು ‘ತಬ್ಬಿದ’ ಎಂದು ಯಾವ ಪತ್ರಿಕೆಯಾದರೂ ಬರೆದೀತೇ? ಇಲ್ಲಿ ‘ತಬ್ಬಿದಳ್’ ಎಂದೇ ಇರಬೇಕಿತ್ತು.

ಪದಮಲ್ಲಿಗೆ: ಆಗ ಪ್ರಾಸಕ್ಕೆ ‘ಬೆಪ್ಪು’ ಹೋಗಿ ‘ತಬ್ಬಿಬ್ಬು’ ಬರುತ್ತಿತ್ತು, ಅಷ್ಟೇ ಲಾಭ. ತೊಟ್ಟಿಲ ಮಗುವನ್ನು ಎದೆಗಪ್ಪಿಕೊಳ್ಳುವ ತಾಯಂದಿರು ನಿಮ್ಮೂರಿನಲ್ಲಿ ಇಲ್ಲವೇ?

ತೋಟಿಗ: ಧೃತರಾಷ್ಟ್ರ ಉಕ್ಕಿನ ಭೀಮನನ್ನು ಅಪ್ಪಿದನೋ ತಬ್ಬಿದನೋ, ಶಿರಸಿಯವರೇ ತೀರ್ಪು ಕೊಡಲಿ.

ಗಮಕಪ್ರಿಯ: ತೋಟಿಗರು ನನ್ನ ಪದ್ಯವನ್ನು ಮೆಚ್ಚಿದಾಗಲೆಲ್ಲ ನನಗೆ ಆ ಅಪ್ಪುಗೆಯೇ ನೆನಪಾಗುತ್ತದೆ.

ಚೋದಕ: ಈ ವಾರದ ನಿಮ್ಮ ಪದ್ಯವೆಲ್ಲಿ ಸ್ವಾಮಿ?

ಗಮಕಪ್ರಿಯ: ದ್ವಿತೀಯೆ ನೆಟ್ಟಗಿರುವ ಸಮಸ್ಯೆ ಕೊಡಿ, ಬರೆಯುತ್ತೇನೆ.