ಪದಚರ್ಚೆ: ಕಾರಿನ ‘ಸ್ಟೆಬಿಲೈಜರ್ ರಾಡ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನನಗೆ ಒಂದು ಪದ ಬೇಕಾಗಿದೆ. ಅದರ ಜೊತೆಗೆ ಇನ್ನೆರಡು ಮೂರು ಪದಗಳ ಬಳಕೆಯ ಬಗ್ಗೆ ನಿಮ್ಮ ಅಭಿಪ್ರಾಯವೂ ಬೇಕು. ಬೆಳಗಾವಿಯಲ್ಲಿ ಹಳೆಯ ಕಾರುಗಳನ್ನು ಜೋಪಾನ ಮಾಡಿಕೊಂಡು ಬಂದಿರುವ ಕೆಲವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅವರಲ್ಲಿ ಹೆಚ್ಚಿನವರದು ಪ್ರೀಮಿಯರ್ ಪದ್ಮಿನಿ ಇಲ್ಲವೇ ಅಂಬಾಸಿಡರ್. ಇಂಜಿನ್, ಬ್ರೇಕ್, ಕ್ಲಚ್ ಎಲ್ಲವನ್ನೂ ಆಯಾ ಹೆಸರಿನಲ್ಲಿಯೇ ಬರೆದೆ, ಯಾರಿಗೂ ತೊಡಕಾಗಲಿಲ್ಲ. ಕೆಲಸ ನಿಂತಿರುವುದು ಗಾಡಿಯ ಅಡಿಯಲ್ಲಿ ಎಡಗಾಲಿಯಿಂದ ಬಲಗಾಲಿಯವರೆಗೆ ಅಡ್ಡಲಾಗಿ ಹಾಯ್ದು, ಎರಡೂ ತುದಿಗಳಲ್ಲಿ ತೋಳಿನಂತೆ ಬಾಗಿರುವ ಉಕ್ಕಿನ ಸರಳಿನ ಬಳಿ.

ಅಮೆರಿಕದವರು ಇದನ್ನು ಸ್ವೇ ಬಾರ್ ಎನ್ನುತ್ತಾರೆ, ಬ್ರಿಟನ್ನಿನವರು ಆಂಟಿ ರೋಲ್ ಬಾರ್ ಎನ್ನುತ್ತಾರೆ. ಬೆಳಗಾವಿಯ ಆಟೋನಗರದಲ್ಲಿ ಬಿಡಿಭಾಗ ಕೇಳಲು ಹೋದರೆ ಸ್ಟೆಬಿಲೈಜರ್ ರಾಡ್ ಎನ್ನಬೇಕು. ಕೆನಡಾದ ಸ್ಟೀಫನ್ ಕೋಲ್ಮನ್ ಎಂಬುವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1919ರಲ್ಲಿ. ನೂರು ವರ್ಷ ದಾಟಿದ ವಸ್ತುವಿಗೆ ನಮ್ಮಲ್ಲಿ ಇನ್ನೂ ನೆಲೆನಿಂತ ಹೆಸರಿಲ್ಲ. ಹೆಸರಿಲ್ಲದಿದ್ದರೆ ಅಂಗಡಿಯ ಮಾತನ್ನೇ ಬಳಸಿದರಾಯಿತು ಎಂದು ನಾನೂ ಸುಮ್ಮನಾಗುತ್ತಿದ್ದೆ. ಆದರೆ ಈ ಸರಳನ್ನು ಹೊಸದಾಗಿ ಕೊಳ್ಳುವವರು ಹೆಸರಿನಿಂದಲೇ ದಾರಿ ತಪ್ಪುವುದನ್ನು ಕಾಣುತ್ತಿದ್ದೇನೆ. ಅದಕ್ಕೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಮೊದಲು ಈ ಸರಳು ಮಾಡುವ ಕೆಲಸವನ್ನು ನೋಡೋಣ. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನಲ್ಲಿ ಇಳಿಯುವಾಗ ಎಡತಿರುವಿನಲ್ಲಿ ಕಾರಿನ ಮೈ ಬಲಕ್ಕೆ ಬಾಗುತ್ತದೆ. ಬಲಗಡೆಯ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ, ಎಡಗಡೆಯದು ಹಿಗ್ಗುತ್ತದೆ. ಸರಳಿನ ಒಂದು ತೋಳು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಹೋಗುವುದರಿಂದ ನಡುಭಾಗ ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಉಕ್ಕು ಒಪ್ಪದೆ ಹಿಂದಕ್ಕೆ ಒತ್ತುವುದರಿಂದ ಮೈ ಬಾಗುವುದು ಕಡಿಮೆಯಾಗುತ್ತದೆ. ರಸ್ತೆಯುಬ್ಬು ದಾಟುವಾಗ ಎರಡೂ ಗಾಲಿಗಳು ಒಟ್ಟಿಗೆ ಮೇಲೆದ್ದರೆ ಸರಳು ತನ್ನನ್ನು ಗಾಡಿಯ ಮೈಗೆ ಹಿಡಿದಿಡುವ ರಬ್ಬರಿನ ಬುಷ್‌ಗಳಲ್ಲಿ ಸುಮ್ಮನೆ ಹೊರಳುತ್ತದೆ, ತಿರುಚಿಕೊಳ್ಳುವುದಿಲ್ಲ, ಏನನ್ನೂ ತಡೆಯುವುದಿಲ್ಲ. ಒಂದೇ ಗಾಲಿ ಗುಂಡಿಗೆ ಬಿದ್ದರೆ ಮಾತ್ರ ಆ ಏಟಿನ ಪಾಲನ್ನು ಇನ್ನೊಂದು ಬದಿಗೂ ದಾಟಿಸುತ್ತದೆ.

ಈಗ ಪದಕ್ಕೆ ಬರೋಣ. ನಮ್ಮ ಕಡೆಯ ಮೆಕ್ಯಾನಿಕ್‌ಗಳು ‘ಗಾಡಿ ಜೋಲಿ ಹೊಡೆಯುತ್ತದೆ’ ಎನ್ನುತ್ತಾರೆ. ಸೊಗಸಾದ ಮಾತು. ಆದರೆ ಜೋಲಿ, ಓಲಾಟ, ತೂಗಾಟ, ಹೊಯ್ದಾಟ ಇವೆಲ್ಲ ಅತ್ತಿತ್ತ ಮತ್ತೆ ಮತ್ತೆ ಆಗುವ ಚಲನೆಯ ಮಾತುಗಳು. ಕುಡಿದವನು ಓಲಾಡುತ್ತಾನೆ, ತೂಗುದೀಪ ಓಲಾಡುತ್ತದೆ. ಕಾರು ಹಾಗೆ ಅತ್ತಿತ್ತ ಆಡುತ್ತಿದ್ದರೆ ಮೊದಲು ನೋಡಬೇಕಾದದ್ದು ಶಾಕ್ ಅಬ್ಸಾರ್ಬರ್. ಆಟವನ್ನು ಅಡಗಿಸುವುದು ಅದರ ಕೆಲಸ, ಸರಳಿನದಲ್ಲ. ತಿರುವು ಇರುವಷ್ಟು ಹೊತ್ತು ಒಂದೇ ಬದಿಗೆ ಬಾಗಿ ನಿಲ್ಲುವುದಕ್ಕೆ ಕನ್ನಡದಲ್ಲಿ ಬೇರೆಯೇ ಕ್ರಿಯಾಪದವಿದೆ: ವಾಲು. ಗೋಡೆ ವಾಲುತ್ತದೆ. ಕಬ್ಬು ತುಂಬಿದ ಟ್ರೇಲರ್ ಒಂದು ಮಗ್ಗುಲಿಗೆ ವಾಲುತ್ತದೆ. ‘ಗಾಡಿ ಓಲಾಡುತ್ತದೆ’ ಎಂದು ಬಂದವರಿಗೆ ಶಾಕ್ ಅಬ್ಸಾರ್ಬರ್ ತೋರಿಸಬೇಕು, ‘ಗಾಡಿ ವಾಲುತ್ತದೆ’ ಎಂದು ಬಂದವರಿಗೆ ಸರಳು ತೋರಿಸಬೇಕು. ಇಂಗ್ಲಿಷಿನ ಸ್ವೇ ಎಂಬುದರಲ್ಲಿ ಇವೆರಡೂ ಬೆರೆತಿವೆ. ನಮ್ಮಲ್ಲಿ ಬೇರೆ ಬೇರೆ ಇರುವಾಗ ಆ ಗೊಂದಲವನ್ನು ನಾವೇಕೆ ಆಮದು ಮಾಡಿಕೊಳ್ಳಬೇಕು?

ರೋಲ್ ಎಂಬುದನ್ನು ‘ಉರುಳು’ ಎಂದು ತಂದು ‘ಉರುಳುತಡೆ’ ಎನ್ನಬಹುದು ಎಂದು ಸ್ನೇಹಿತರೊಬ್ಬರು ಸೂಚಿಸಿದರು. ನಾನು ಇದನ್ನು ಬಲವಾಗಿ ವಿರೋಧಿಸುತ್ತೇನೆ. ಕನ್ನಡದಲ್ಲಿ ‘ಕಾರು ಉರುಳಿತು’ ಎಂದರೆ ಪಲ್ಟಿಯಾಯಿತು ಎಂದೇ ಅರ್ಥ. ದಿನಪತ್ರಿಕೆಯ ಅಪಘಾತದ ಸುದ್ದಿಗಳೆಲ್ಲ ಇದಕ್ಕೆ ಸಾಕ್ಷಿ. ಉರುಳುತಡೆ ಸರಳು ಹಾಕಿಸಿದರೆ ಗಾಡಿ ಪಲ್ಟಿಯಾಗುವುದಿಲ್ಲ ಎಂದು ಓದುಗರು ನಂಬಿದರೆ ಅದು ಕೈಪಿಡಿ ಬರೆದವರ ಹೊಣೆಗೇಡಿತನ. ತಿರುವಿನಲ್ಲಿ ಒಳಗಾಲಿಯಿಂದ ಹೊರಗಾಲಿಗೆ ಒಟ್ಟಾರೆ ಎಷ್ಟು ಭಾರ ದಾಟುತ್ತದೆ ಎಂಬುದು ಮುಖ್ಯವಾಗಿ ಗಾಡಿಯ ಭಾರಕೇಂದ್ರದ ಎತ್ತರ, ಗಾಲಿಗಳ ನಡುವಿನ ಅಗಲ ಮತ್ತು ತಿರುವಿನ ಬಿರುಸನ್ನು ಅವಲಂಬಿಸಿದೆ. ಎಷ್ಟೇ ದಪ್ಪನೆಯ ಸರಳು ಹಾಕಿದರೂ ಆ ಮೊತ್ತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮುಂದಿನ ಜೋಡಿಗೆಷ್ಟು ಹಿಂದಿನ ಜೋಡಿಗೆಷ್ಟು ಎಂಬ ಹಂಚಿಕೆ ಮಾತ್ರ ಬದಲಾಗುತ್ತದೆ. ಇನ್ನೊಂದು ಅಪಾಯವೂ ಇದೆ. ರೇಸಿನ ಕಾರುಗಳಲ್ಲಿ ಚಾಲಕನ ತಲೆಯ ಹಿಂದೆ ಕಮಾನಿನಂತೆ ನಿಲ್ಲಿಸುವ ರೋಲ್ ಬಾರ್ ಬೇರೆ. ಅದು ಕಾರು ಪಲ್ಟಿಯಾದಾಗ ತಲೆ ಕಾಯುವ ವಸ್ತು. ಉರುಳು ಎಂಬ ಮಾತು ನ್ಯಾಯವಾಗಿ ಸಲ್ಲಬೇಕಾದದ್ದು ಅದಕ್ಕೆ.

ಸ್ಟೆಬಿಲೈಜರ್ ಎಂದರೆ ಮನೆಯಲ್ಲಿ ಫ್ರಿಜ್ಜಿನ ಪಕ್ಕದಲ್ಲಿರುವ ಪೆಟ್ಟಿಗೆ ನೆನಪಾಗುತ್ತದೆ ಎಂಬುದು ಚಿಕ್ಕ ಆಕ್ಷೇಪ, ಬಿಡೋಣ. ‘ಸ್ಥಿರಕ’ ಎಂಬ ಸಂಸ್ಕೃತದ ರೂಪವನ್ನು ಯಾರಾದರೂ ಸೂಚಿಸಬಹುದು. ಅದು ಏನನ್ನು ಸ್ಥಿರಗೊಳಿಸುತ್ತದೆ ಎಂದು ಹೇಳುವುದಿಲ್ಲವಾದ್ದರಿಂದ ನನಗೆ ರುಚಿಸಲಿಲ್ಲ.

ಅಂಬಾಸಿಡರ್ ಇಟ್ಟುಕೊಂಡವರಿಗೆ ಮತ್ತೊಂದು ತೊಡಕು ಕಾದಿದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಂಶದ ಈ ಗಾಡಿಗೆ ಮುಂದುಗಡೆ ಸುರುಳಿ ಸ್ಪ್ರಿಂಗ್‌ಗಳ ಬದಲು ಉದ್ದಕ್ಕೆ ಮಲಗಿರುವ ಟಾರ್ಶನ್ ಬಾರ್‌ಗಳಿವೆ. ಅವೂ ತಿರುಚಿಕೊಳ್ಳುವ ಉಕ್ಕಿನ ಸರಳುಗಳೇ, ಆದರೆ ಅವು ಗಾಡಿಯ ಭಾರವನ್ನೇ ಹೊತ್ತ ಸ್ಪ್ರಿಂಗ್‌ಗಳು. ನಾನು ಹೇಳುತ್ತಿರುವ ಸರಳು ಸಮನೆಲದಲ್ಲಿ ಒಂದು ಗುಲಗಂಜಿ ತೂಕವನ್ನೂ ಹೊರುವುದಿಲ್ಲ. ಆದ್ದರಿಂದ ‘ತಿರುಚುಸರಳು’ ಎಂಬ ಪದವನ್ನು ಟಾರ್ಶನ್ ಬಾರ್‌ಗೇ ಮೀಸಲಿಡಬೇಕೆಂದು ನನ್ನ ಕೋರಿಕೆ. ಪದ್ಮಿನಿಯಲ್ಲಿ ಮುಂದೆ ಸುರುಳಿ ಸ್ಪ್ರಿಂಗ್, ಹಿಂದೆ ಪಾಟಾ, ಅಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್. ಅಲ್ಲಿ ಈ ಗೊಂದಲವಿಲ್ಲ.

ಹೀಗೆ ಅಳೆದು ಸುರಿದು ನಾನು ನಿಂತಿರುವುದು ‘ವಾಲುತಡೆ ಸರಳು’ ಎಂಬಲ್ಲಿ. ಇದರ ಕಟ್ಟಣೆಯ ಬಗ್ಗೆ ವ್ಯಾಕರಣ ಬಲ್ಲವರ ಮಾತು ಬೇಕು. ತೂಗುಸೇತುವೆ, ಜಾರುಬಂಡೆ, ಸುಡುಗಾಡು ಇವುಗಳಲ್ಲಿ ಕ್ರಿಯಾಧಾತು ಮುಂದಿನ ನಾಮಪದಕ್ಕೆ ವಿಶೇಷಣವಾಗಿದೆ. ಅದೇ ಜಾಡಿನಲ್ಲಿ ‘ವಾಲುಸರಳು’ ಎಂದರೆ ತಾನೇ ವಾಲುವ ಸರಳು ಎಂದಾಗುತ್ತದೆ, ಅದು ಬೇಡ. ‘ವಾಲುತಡೆ’ಯನ್ನು ವಾಲುವುದಕ್ಕೆ ತಡೆ ಎಂದು ಓದುಗರು ಸಲೀಸಾಗಿ ಬಿಡಿಸಿಕೊಳ್ಳುತ್ತಾರೆಯೇ, ಅಥವಾ ‘ವಾಲುವ ತಡೆ’ ಎಂದುಕೊಳ್ಳುತ್ತಾರೆಯೇ? ‘ವಾಲಿಕೆತಡೆ’ ಎಂದರೆ ಸಂದೇಹ ಉಳಿಯುವುದಿಲ್ಲ, ಆದರೆ ನಾಲಿಗೆಗೆ ಭಾರ. ಸರಳು ಎಂಬುದು ಕಿಟಕಿಯಿಂದಾಗಿ ಎಲ್ಲರಿಗೂ ಗೊತ್ತು. ಬೆಳಗಾವಿಯ ಕಟ್ಟಡ ಕೆಲಸದವರ ಬಾಯಲ್ಲಿ ‘ಸಳಿ’ ಎಂಬುದೂ ಇದೆ, ಅದು ಮರಾಠಿಯ ನೆರೆಯಿಂದ ಬಂದದ್ದು. ಬರಹಕ್ಕೆ ಸರಳೇ ಇರಲಿ ಎಂದುಕೊಂಡಿದ್ದೇನೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ಈ ಸರಳು ತಿರುಚಿಗೆ ಎದುರೊಡ್ಡುವ ಗುಣವನ್ನು ಹೇಳುವ ಪದ. ಮಾರುವವರು ‘ಇದು ಹಾರ್ಡ್ ಇದೆ, ಗಟ್ಟಿ ಮಾಲು’ ಎನ್ನುತ್ತಾರೆ. ಕೊಳ್ಳುವವರು ‘ಬಿಗಿಯಾಗಿರಲಿ’ ಎನ್ನುತ್ತಾರೆ. ಗಟ್ಟಿ, ಗಡಸು, ಬಿಗಿ ಈ ಮೂರರಲ್ಲಿ ಯಾವುದೂ ಇಲ್ಲಿ ಸಲ್ಲುವುದಿಲ್ಲ. ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಮುರಿದ ಸರಳೊಂದನ್ನು ಮೇಜಿನ ಮೇಲಿಟ್ಟು ನೋಡಿದೆವು. ತೋಳು ಬಾಗುವ ಮೂಲೆಯಲ್ಲಿಯೇ ತುಂಡಾಗಿತ್ತು. ಮುರಿದ ಮುಖದ ಅಂಚಿನಲ್ಲಿ ತುಕ್ಕಿನ ಒಂದು ಚಿಕ್ಕ ಕುಳಿ, ಅಲ್ಲಿಂದ ಒಳಕ್ಕೆ ಅರ್ಧಚಂದ್ರದ ಆಕಾರದಲ್ಲಿ ನುಣುಪಾದ ಕಪ್ಪು ಭಾಗ, ಉಳಿದದ್ದು ಸಕ್ಕರೆಯ ಹರಳಿನಂತೆ ಹೊಳೆಯುವ ಒರಟು ಭಾಗ. ಕಪ್ಪು ಭಾಗ ದಿನದಿನವೂ ಸ್ವಲ್ಪಸ್ವಲ್ಪವೇ ಬಿರಿದದ್ದು, ಹೊಳೆಯುವ ಭಾಗ ಕೊನೆಯಲ್ಲಿ ಒಮ್ಮೆಲೇ ಹರಿದದ್ದು. ಯಾರೋ ಗ್ಯಾಸ್ ಜ್ವಾಲೆಯಿಂದ ಆ ಮೂಲೆಯನ್ನು ಕಾಯಿಸಿ ಬಗ್ಗಿಸಿದ್ದರ ಗುರುತೂ ಅಲ್ಲಿತ್ತು. ಅದನ್ನು ನೋಡಿ ನೆರೆದವರಲ್ಲಿ ಒಬ್ಬರು ‘ಉಕ್ಕು ಗಡಸಾಗಿರಲಿಲ್ಲ, ಇನ್ನಷ್ಟು ಹದ ಕೊಟ್ಟಿದ್ದರೆ ಗಾಡಿ ವಾಲುತ್ತಿರಲಿಲ್ಲ’ ಎಂದರು. ಈ ವಾಕ್ಯದಲ್ಲಿ ಎರಡು ಬೇರೆ ಗುಣಗಳು ಒಂದಾಗಿಬಿಟ್ಟಿವೆ.

ಉಕ್ಕಿಗೆ ಶಾಖದ ಹದ ಕೊಟ್ಟರೆ ಅದರ ಗಡಸುತನ ಹೆಚ್ಚುತ್ತದೆ. ಹೆಚ್ಚು ತಿರುಚಿದರೂ ಮೊದಲಿನ ಆಕಾರಕ್ಕೆ ಮರಳುವ ಶಕ್ತಿ ಬರುತ್ತದೆ. ಆದರೆ ಇಷ್ಟು ಬಲಕ್ಕೆ ಎಷ್ಟು ತಿರುಚಿಕೊಳ್ಳುತ್ತದೆ ಎಂಬುದು ಹದದಿಂದ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಸಾದಾ ಕಬ್ಬಿಣದ ಸರಳೂ ಸ್ಪ್ರಿಂಗ್ ಉಕ್ಕಿನ ಸರಳೂ ಒಂದೇ ಅಳತೆಯಲ್ಲಿದ್ದರೆ ಮೊದಮೊದಲು ಒಂದೇ ರೀತಿ ಎದುರೊಡ್ಡುತ್ತವೆ. ಸಾದಾ ಕಬ್ಬಿಣದ್ದು ಬೇಗನೆ ತಿರುಚಿದಂತೆಯೇ ಉಳಿದುಬಿಡುತ್ತದೆ, ಅಷ್ಟೇ. ತಿರುಚಿಗೆ ಎದುರೊಡ್ಡುವ ಗುಣವನ್ನು ನಿರ್ಧರಿಸುವುದು ಅಳತೆ. ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಅದು ಏರುತ್ತದೆ. 16 ಮಿಲಿಮೀಟರ್ ಸರಳಿನ ಜಾಗದಲ್ಲಿ 18 ಮಿಲಿಮೀಟರಿನದನ್ನು ಹಾಕಿದರೆ ಕಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ, ಆದರೆ ಈ ಗುಣ ಶೇ 60ರಷ್ಟು ಹೆಚ್ಚುತ್ತದೆ. ತೋಳಿನ ಉದ್ದ 200 ಮಿಲಿಮೀಟರಿನಿಂದ 180ಕ್ಕೆ ಇಳಿದರೆ ಸುಮಾರು ಶೇ 23ರಷ್ಟು ಹೆಚ್ಚುತ್ತದೆ. ತೋಳಿನ ತುದಿಯಲ್ಲಿ ಎರಡು ಮೂರು ತೂತುಗಳಿರುವ ಸರಳುಗಳ ಗುಟ್ಟು ಇದೇ: ಯಾವ ತೂತಿಗೆ ಜೋಡಿಸುತ್ತೇವೋ ಅದರಂತೆ ತೋಳಿನ ಉದ್ದ ಬದಲಾಗುತ್ತದೆ. ಟೊಳ್ಳು ಸರಳಿನ ಲೆಕ್ಕ ಇನ್ನೂ ಚೆಂದ. 22 ಮಿಲಿಮೀಟರ್ ಹೊರವ್ಯಾಸ, 16 ಮಿಲಿಮೀಟರ್ ಒಳವ್ಯಾಸದ ಕೊಳವೆ ಅದೇ ದಪ್ಪದ, ಟೊಳ್ಳಿಲ್ಲದ ಸರಳಿನ ಶೇ 47ರಷ್ಟೇ ತೂಗುತ್ತದೆ, ಆದರೆ ಎದುರೊಡ್ಡುವ ಗುಣ ಶೇ 72ರಷ್ಟು ಉಳಿದಿರುತ್ತದೆ.

ಈ ಗುಣಕ್ಕೆ ‘ಪೆಡಸು’ ಎಂಬ ಪದ ಹೇಗೆ? ಗಂಜಿ ಹೆಚ್ಚಾದ ಬಟ್ಟೆ ಪೆಡಸಾಗಿದೆ ಎನ್ನುತ್ತೇವೆ. ಬಾಗಲೊಲ್ಲದು ಎಂಬ ಅರ್ಥ ಅಲ್ಲಿ ಸ್ಪಷ್ಟವಾಗಿದೆ. ಗಡಸು ಎಂಬುದು ಗೀಚಿದರೆ ಗೆರೆ ಬೀಳದ ಗುಣಕ್ಕೆ ಇರಲಿ, ಬಿಗಿ ಎಂಬುದು ನಟ್ಟು ಬೋಲ್ಟಿಗೆ ಇರಲಿ. ಆಗ ‘ಪೆಡಸು ಬೇಕಾದರೆ ವ್ಯಾಸ ನೋಡಿ, ಬಾಳಿಕೆ ಬೇಕಾದರೆ ಉಕ್ಕು ಮತ್ತು ಅದರ ಹದ ನೋಡಿ’ ಎಂದು ಒಂದೇ ವಾಕ್ಯದಲ್ಲಿ ಬರೆಯಬಹುದು. ಪೆಡಸು ಎಂಬುದಕ್ಕೆ ಒರಟು, ಸಿಡುಕು ಎಂಬ ಛಾಯೆಯೂ ಇದೆ ಎಂದು ಯಾರಾದರೂ ತಕರಾರು ತೆಗೆದರೆ ಕೇಳಲು ಸಿದ್ಧನಿದ್ದೇನೆ. ಆದರೆ ‘ದೃಢತೆ’ ಎಂಬ ಪಠ್ಯಪುಸ್ತಕದ ಪದಕ್ಕಿಂತ ಇದು ಕಾರ್ಖಾನೆಯ ನೆಲದಲ್ಲಿ ಹೆಚ್ಚು ಬೇಗ ಬೇರೂರುತ್ತದೆ ಎಂದು ನನ್ನ ನಂಬಿಕೆ.

ಮುಂದಿನದು, ಗಾಡಿಯ ಕಂಪನಿಯಲ್ಲದೆ ಬೇರೆಯವರು ಮಾಡಿ ಮಾರುವ ಬಿಡಿಭಾಗ. ಆಫ್ಟರ್‌ಮಾರ್ಕೆಟ್ ಎನ್ನುವ ಬದಲು ನಮ್ಮಲ್ಲಿ ಸಲೀಸಾಗಿ ‘ಡುಪ್ಲಿಕೇಟ್’ ಎಂದುಬಿಡುತ್ತಾರೆ. ಇದು ಅನ್ಯಾಯ. ಡುಪ್ಲಿಕೇಟ್ ಎಂದರೆ ಕಂಪನಿಯ ಹೆಸರು ಒತ್ತಿ ಮೋಸದಿಂದ ಮಾರುವ ನಕಲಿ ಮಾಲು. ತನ್ನದೇ ಹೆಸರಿನಲ್ಲಿ, ತನ್ನದೇ ಅಳತೆಯಲ್ಲಿ, ಕೆಲವೊಮ್ಮೆ ಕಂಪನಿಯದಕ್ಕಿಂತ ಒಳ್ಳೆಯ ಉಕ್ಕಿನಿಂದ ಮಾಡುವವರನ್ನೂ ಅದೇ ಸಾಲಿಗೆ ಸೇರಿಸಬಾರದು. ಪದ್ಮಿನಿಯಂಥ ಗಾಡಿಗೆ ಕಂಪನಿಯ ಮಾಲು ತಯಾರಾಗುವುದೇ ನಿಂತಿರುವಾಗ ಇವರೇ ಗತಿ. ‘ಹೊರಗಿನ ಮಾಲು’ ಎಂಬ ಅಂಗಡಿಯ ಮಾತು ನನಗೆ ಒಪ್ಪಿಗೆಯೇ, ಆದರೆ ಅದಕ್ಕೆ ವಿದೇಶಿ ಎಂಬ ಅರ್ಥವೂ ಹತ್ತಿಕೊಳ್ಳುತ್ತದೆ. ‘ಪರ್ಯಾಯ ಬಿಡಿಭಾಗ’ ಎಂದರೆ ಹೇಗೆ? ಬಳಸಿದ ಹಳೆಯ ಭಾಗಕ್ಕೆ ‘ಸೆಕೆಂಡ್ ಹ್ಯಾಂಡ್’ ಹೇಗೂ ಇದೆ.

ಬುಷ್, ಕ್ಲ್ಯಾಂಪ್‌ಗಳನ್ನು ಹಾಗೆಯೇ ಬಿಟ್ಟಿದ್ದೇನೆ. ಸರಳಿನ ತೋಳಿನ ತುದಿಯನ್ನು ಗಾಲಿಯ ಕಡೆಗೆ ಜೋಡಿಸುವ ಲಿಂಕ್‌ಗೆ ‘ಕೊಂಡಿ’ ಸಾಕು.

ಕೊನೆಯದು, ತಿರುವಿನಲ್ಲಿ ಗಾಡಿ ಹಿಡಿತ ಬಿಡುವ ಎರಡು ಬಗೆಗಳ ಹೆಸರು, ಎಲ್ಲಕ್ಕಿಂತ ಕಷ್ಟದ್ದು. ಮುಂದಿನ ಸರಳನ್ನು ಮಾತ್ರ ಪೆಡಸಾಗಿಸಿದರೆ ತಿರುವಿನಲ್ಲಿ ಮುಂದಿನ ಗಾಲಿಗಳು ಮೊದಲು ಹಿಡಿತ ಬಿಡುತ್ತವೆ. ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ತಿರುವಿನ ಹೊರಗಡೆಗೆ ನೇರವಾಗಿ ಹೋಗಲು ಹವಣಿಸುತ್ತದೆ. ಹಿಂದಿನದನ್ನು ಮಾತ್ರ ಪೆಡಸಾಗಿಸಿದರೆ ಹಿಂಭಾಗ ಹೊರಕ್ಕೆ ಜಾರಿ ಗಾಡಿ ಸುತ್ತಿಬಿಡಬಹುದು. ಹಿಂದಿನ ಗಾಲಿಗಳು ಎಳೆಯುವ ಪದ್ಮಿನಿ, ಅಂಬಾಸಿಡರ್‌ಗಳಲ್ಲಿ ಒಳಗಡೆಯ ಹಿಂಗಾಲಿ ನೆಲದ ಮೇಲೆ ಹಗುರಾಗಿ ಸುಮ್ಮನೆ ಗಿರಕಿ ಹೊಡೆಯುವುದೂ ಉಂಟು. ಮಳೆಗಾಲದ ಘಾಟಿಯಲ್ಲಿ ಹೀಗೆ ಹಿಂಭಾಗ ಜಾರುವುದೇ ಹೆಚ್ಚು ಅಪಾಯದ್ದು. ಆದ್ದರಿಂದಲೇ ಮೊದಲು ಸವೆದ ಬುಷ್ ಮತ್ತು ಕೊಂಡಿಗಳನ್ನು ಬದಲಿಸಿ, ಆಮೇಲೆ ಬೇಕೆನಿಸಿದರೆ ಮುಂದಿನ ಸರಳನ್ನು ಒಂದೇ ಮೆಟ್ಟಿಲು ದಪ್ಪ ಮಾಡಿ, ಹಿಂದಿನದಕ್ಕೆ ಅವಸರ ಬೇಡ ಎಂದು ಕೈಪಿಡಿಯಲ್ಲಿ ಬರೆದಿದ್ದೇನೆ. ಅಂಡರ್‌ಸ್ಟೀರ್, ಓವರ್‌ಸ್ಟೀರ್ ಎಂಬ ಈ ಎರಡು ನಡವಳಿಕೆಗಳಿಗೆ ನಾನು ಸದ್ಯ ‘ಮುಂಜಾರು’, ‘ಹಿಂಜಾರು’ ಎಂದು ಹಾಕಿದ್ದೇನೆ. ಹಿಂಜರಿ ಎಂಬ ಕ್ರಿಯಾಪದ ಈಗಾಗಲೇ ಬೇರೆ ಅರ್ಥದಲ್ಲಿ ಇರುವುದರಿಂದ ಎರಡನೆಯದು ಓದುಗರನ್ನು ಎಡವಿಸುತ್ತದೆಯೇ? ಬಸ್ಸು, ಲಾರಿ ಓಡಿಸುವವರ ನಡುವೆ, ವಿಜಯಪುರ, ಬಾಗಲಕೋಟೆ ಕಡೆಯಲ್ಲಾಗಲಿ ಬೇರೆ ಕಡೆಯಲ್ಲಾಗಲಿ, ಇದಕ್ಕೆ ಬಳಕೆಯ ಮಾತು ಇದ್ದರೆ ದಯವಿಟ್ಟು ಆ ಮಾತನ್ನು ಅದು ಬರುವ ಪೂರ್ತಿ ವಾಕ್ಯದೊಡನೆ ಬರೆದು ತಿಳಿಸಿ.